ವಿದ್ಯಾರ್ಥಿ ಸಿಕ್ಕಿಕೊಂಡ ಜಾಗ ಹುಡುಕಿ: ಬಗೆಬಗೆಯ ಕಲಿಯುವವರಿಗೆ ಇಂಜಿನಿಯರಿಂಗ್ ಕಲಿಸುವ ನನ್ನ ಕ್ರಮ

ಇಂಜಿನಿಯರಿಂಗ್ ಮೊದಲ ವರ್ಷದ ತರಗತಿಯಲ್ಲಿ ಯಾರ್ಯಾರು ಕೂತಿರುತ್ತಾರೆ ಅಂತ ಒಮ್ಮೆ ನೋಡಿ. ಕ್ಯಾಲ್ಕುಲಸ್ ನೀರು ಕುಡಿದಷ್ಟು ಸುಲಭ ಎನ್ನುವವರಿದ್ದಾರೆ. ಸೂತ್ರ ಕಂಡರೆ ಅಂಗೈ ಬೆವರುವವರಿದ್ದಾರೆ. ಚಿಕ್ಕಂದಿನಿಂದ ಸೈಕಲ್ಲು, ಫ್ಯಾನು ಬಿಚ್ಚಿ ಜೋಡಿಸಿದವರ ಪಕ್ಕದಲ್ಲೇ ಸ್ಕ್ರೂಡ್ರೈವರ್ ಮುಟ್ಟದವರು ಕೂತಿರುತ್ತಾರೆ. ಪಾಠದ ಭಾಷೆ ಮನೆಯ ಭಾಷೆ ಅಲ್ಲದವರು, ಕೆಲವು ವರ್ಷ ಕೆಲಸ ಮಾಡಿ ಮತ್ತೆ ಓದಲು ಬಂದವರು, ಕಿವಿ ಸ್ವಲ್ಪ ಮಂದ ಇರುವವರು, ಕೆಂಪು ಹಸಿರು ಬೇರೆಯಾಗಿ ಕಾಣದವರು. ಇವರಿಗೆಲ್ಲ ಒಂದೇ ಪಾಠ, ಒಂದೇ ಗಂಟೆ, ಒಂದೇ ಪ್ರಶ್ನೆಪತ್ರಿಕೆ.

ಹಾಗಂತ ಪ್ರತಿಯೊಬ್ಬರಿಗೂ ಬೇರೆ ಪಾಠ ಮಾಡೋಕಾಗುತ್ತಾ? ಆಗಲ್ಲ. ಅದು ಬೇಕಾಗಿಯೂ ಇಲ್ಲ. ನಾನು ನಂಬಿರುವುದು ಇಷ್ಟೇ: ಕಲಿಯುವವರು ಒಬ್ಬರಿಂದ ಒಬ್ಬರು ಬೇರೆಯಾಗುವುದು ಹೆಚ್ಚಾಗಿ ಅವರು ಎಲ್ಲಿ ಸಿಕ್ಕಿಕೊಳ್ಳುತ್ತಾರೆ ಎಂಬುದರಲ್ಲಿ. ಒಂದು ವಿಷಯದಲ್ಲಿ ಹಾಗೆ ಸಿಕ್ಕಿಕೊಳ್ಳುವ ಜಾಗಗಳು ನೂರಾರು ಇರುವುದಿಲ್ಲ, ಬೆರಳೆಣಿಕೆಯಷ್ಟು ಇರುತ್ತವೆ. ಅವನ್ನು ಹುಡುಕಿ, ಪಾಠವನ್ನು ಅವುಗಳ ಸುತ್ತ ಕಟ್ಟಿದರೆ ಒಂದೇ ಪಾಠ ತುಂಬ ಜನರಿಗೆ ದಕ್ಕುತ್ತದೆ. ಹೇಗೆ ಅಂತ ಹಂತ ಹಂತವಾಗಿ ಹೇಳುತ್ತೇನೆ.

ಹೆಜ್ಜೆ 1: 'ಕಲಿಕೆಯ ಶೈಲಿ' ಪರೀಕ್ಷೆ ಬದಿಗಿಡಿ

'ಇವನು ನೋಡಿ ಕಲಿಯುವವನು, ಇವಳು ಕೇಳಿ ಕಲಿಯುವವಳು' ಎಂಬ ವಿಂಗಡಣೆ ನೀವೂ ಕೇಳಿರುತ್ತೀರಿ. ಇಂಜಿನಿಯರಿಂಗ್ ಶಿಕ್ಷಣದಲ್ಲಿ ಈ ಮಾತಿಗೆ ದೊಡ್ಡ ಜಾಗ ಸಿಕ್ಕಿದ್ದು 1988ರಲ್ಲಿ. ಕೆಮಿಕಲ್ ಇಂಜಿನಿಯರಿಂಗ್ ಮೇಷ್ಟ್ರು ರಿಚರ್ಡ್ ಫೆಲ್ಡರ್ ಮತ್ತು ಮನಶ್ಶಾಸ್ತ್ರಜ್ಞೆ ಲಿಂಡಾ ಸಿಲ್ವರ್‌ಮನ್ ಆಗ ಒಂದು ಲೇಖನ ಬರೆದರು. ಮುಂದೆ ಅದು ಎಲ್ಲೆಡೆ ಹಬ್ಬಿ, ವಿದ್ಯಾರ್ಥಿಗಳ ಮೇಲೆ ಚೀಟಿ ಅಂಟಿಸುವ ಚಾಳಿಯೂ ಅದರ ಬೆನ್ನಿಗೇ ಬಂತು. ಫೆಲ್ಡರ್ ಅವರೇ ಹೇಳಿದ್ದು ಬೇರೆ. ಪಾಠ ಒಂದೇ ಕಡೆ ವಾಲದಿರಲಿ ಎಂಬುದು ಅವರ ಉದ್ದೇಶವಾಗಿತ್ತು, ವಿದ್ಯಾರ್ಥಿಗೆ ಹಣೆಪಟ್ಟಿ ಕಟ್ಟುವುದಾಗಿರಲಿಲ್ಲ.

2008ರಲ್ಲಿ ಹೆರಾಲ್ಡ್ ಪ್ಯಾಶ್ಲರ್ ಮತ್ತು ಸಂಗಡಿಗರು ಆವರೆಗಿನ ಅಧ್ಯಯನಗಳನ್ನೆಲ್ಲ ಜಾಲಾಡಿದರು. ಶೈಲಿಗೆ ತಕ್ಕಂತೆ ಪಾಠ ಮಾಡಿದರೆ ಕಲಿಕೆ ಜಾಸ್ತಿ ಆಗುತ್ತದೆ ಎನ್ನಲು ಸಾಕಷ್ಟು ಪುರಾವೆ ಸಿಗಲಿಲ್ಲ. ಹಾಗಾಗಿ ಆ ಪ್ರಶ್ನಾವಳಿ ತುಂಬಿಸುವ ಸಮಯವನ್ನು ಮುಂದಿನ ಹೆಜ್ಜೆಗೆ ಕೊಡಿ. ಚಿತ್ರ, ಮಾತು, ಸಮೀಕರಣ, ಕೈಕೆಲಸ ಇವೆಲ್ಲ ಎಲ್ಲರಿಗೂ ಬೇಕು. ಬೀಮ್ (ಭಾರ ಹೊರುವ ತೊಲೆ) ಬಾಗುವುದನ್ನು ಚಿತ್ರವಿಲ್ಲದೆ ಯಾರೂ ಕಲಿಯಲ್ಲ, ಬರೀ ಚಿತ್ರದಿಂದಲೂ ಯಾರೂ ಕಲಿಯಲ್ಲ.

ಹೆಜ್ಜೆ 2: ಮೊದಲ ವಾರವೇ ಅಂಕವಿಲ್ಲದ ಒಂದು ಪರೀಕ್ಷೆ

ಇಪ್ಪತ್ತು ನಿಮಿಷ, ಆರು ಪ್ರಶ್ನೆ. ಅಂಕ ಇಲ್ಲ ಅಂತ ಮೊದಲೇ ಹೇಳಿಬಿಡಿ. ನಾನು ಕೇಳುವುದು ಹೀಗಿರುತ್ತದೆ: ಗಂಟೆಗೆ 72 ಕಿ.ಮೀ. ಅಂದರೆ ಸೆಕೆಂಡಿಗೆ ಎಷ್ಟು ಮೀಟರ್? ಅಡ್ಡಗೆರೆಗೆ 30 ಡಿಗ್ರಿ ಓರೆಯಾಗಿ ಎಳೆಯುವ 5 ಕಿಲೋನ್ಯೂಟನ್ ಬಲದ ಅಡ್ಡ ಭಾಗ ಎಷ್ಟು? ಒಂದು ಸೂತ್ರ ಕೊಟ್ಟು, ಬಲಗಡೆ ಇರುವ ಅಕ್ಷರವನ್ನು ಎಡಗಡೆ ತಂದು ಬರೆಯಿರಿ. ಈ ಗ್ರಾಫಿನ ಇಳಿಜಾರು ಏನನ್ನು ಹೇಳುತ್ತದೆ? ಈ ಮೆಟ್ಟಿಲಾಕಾರದ ಕಟ್ಟೆಯನ್ನು ಮೇಲಿಂದ ನೋಡಿದರೆ ಹೇಗೆ ಕಾಣುತ್ತದೆ, ಕೈಯಲ್ಲೇ ಗೀಚಿ. ಕೊನೆಯದು ಆ ವಿಷಯದ್ದೇ ಒಂದು ಪ್ರಶ್ನೆ, ಲೆಕ್ಕ ಇಲ್ಲದ್ದು.

ಪ್ರತಿ ಉತ್ತರದ ಪಕ್ಕ ಒಂದು ಕಾಲಂ ಇಡಿ: 'ಗೊತ್ತು', 'ಅರ್ಧಂಬರ್ಧ', 'ಊಹೆ'. ನನ್ನ ಮಟ್ಟಿಗೆ ಇಡೀ ಪರೀಕ್ಷೆಯಲ್ಲಿ ಬೆಲೆಬಾಳುವುದು ಈ ಕಾಲಂ. ಉತ್ತರ ತಪ್ಪು, ಪಕ್ಕದಲ್ಲಿ 'ಊಹೆ' ಎಂದಿದ್ದರೆ ಆ ವಿದ್ಯಾರ್ಥಿಗೆ ಹೇಳಿಕೊಟ್ಟರೆ ಸಾಕು. ಉತ್ತರ ತಪ್ಪು, ಪಕ್ಕದಲ್ಲಿ 'ಗೊತ್ತು' ಎಂದಿದ್ದರೆ ಹೇಳಿಕೊಟ್ಟರೆ ಸಾಲದು. ಅಲ್ಲಿ ಆಗಲೇ ಬೇರೊಂದು ನಂಬಿಕೆ ಗಟ್ಟಿಯಾಗಿ ಕೂತಿದೆ. ಉತ್ತರ ಸರಿ, ಆದರೆ ಎಲ್ಲದಕ್ಕೂ 'ಊಹೆ' ಅಂತ ಬರೆದಿದ್ದರೆ? ಆ ವಿದ್ಯಾರ್ಥಿಗೆ ವಿಷಯ ಗೊತ್ತಿದೆ, ಧೈರ್ಯ ಇಲ್ಲ. ಮೂವರಿಗೂ ಬೇಕಾದ್ದು ಬೇರೆ ಬೇರೆ, ಅಲ್ವಾ? ಅಂಕಪಟ್ಟಿಯಲ್ಲಿ ಇದ್ಯಾವುದೂ ಕಾಣಲ್ಲ.

ಒಂದು ಉದಾಹರಣೆ ಬಿಡಿಸಿ ಹೇಳುತ್ತೇನೆ. ಒಂದು ಬ್ಯಾಟರಿ, ಒಂದರ ಹಿಂದೆ ಒಂದರಂತೆ ಸರಣಿಯಲ್ಲಿ ಜೋಡಿಸಿದ ಒಂದೇ ಥರದ ಎರಡು ಬಲ್ಬು. ಯಾವುದು ಹೆಚ್ಚು ಬೆಳಗುತ್ತದೆ? 'ಬ್ಯಾಟರಿಗೆ ಹತ್ತಿರ ಇರುವುದು' ಎನ್ನುವವರು ಯಾವ ತರಗತಿಯಲ್ಲೂ ಇರುತ್ತಾರೆ, ಅದೂ 'ಗೊತ್ತು' ಎಂಬ ಕಾಲಂನಲ್ಲಿ ಗುರುತು ಹಾಕಿ. ಮೊದಲ ಬಲ್ಬು ಕರೆಂಟನ್ನು ಒಂದಷ್ಟು 'ಬಳಸಿಕೊಂಡು' ಉಳಿದದ್ದನ್ನು ಮುಂದಕ್ಕೆ ಕಳಿಸುತ್ತದೆ ಎಂಬುದು ಅವರ ಲೆಕ್ಕ. ನಿಜಕ್ಕೂ ಎರಡೂ ಒಂದೇ ಥರ ಬೆಳಗುತ್ತವೆ. ಇವರಲ್ಲಿ ಎಷ್ಟೋ ಜನ ಓಮ್‌ನ ನಿಯಮದ ಲೆಕ್ಕವನ್ನು ತಪ್ಪಿಲ್ಲದೆ ಮಾಡುತ್ತಾರೆ! ಸೂತ್ರ ಒಂದು ಕಡೆ ಇದೆ, ನಂಬಿಕೆ ಇನ್ನೊಂದು ಕಡೆ ಇದೆ.

ಭೌತಶಾಸ್ತ್ರದವರು ಇಂಥ ನಂಬಿಕೆಗಳನ್ನು ಹಿಡಿಯಲೆಂದೇ 1992ರಲ್ಲಿ 'ಫೋರ್ಸ್ ಕಾನ್ಸೆಪ್ಟ್ ಇನ್ವೆಂಟರಿ' ಎಂಬ ಪ್ರಶ್ನೆಗುಚ್ಛ ಮಾಡಿದರು. ಲೆಕ್ಕವೇ ಬೇಡದ ಆಯ್ಕೆಯ ಪ್ರಶ್ನೆಗಳು, ತಪ್ಪು ಉತ್ತರಗಳೆಲ್ಲ ಜನ ನಿಜವಾಗಿ ನಂಬುವಂಥವು. ನಿಮ್ಮ ವಿಷಯಕ್ಕೂ ಅಂಥ ನಾಲ್ಕು ಪ್ರಶ್ನೆ ನೀವೇ ಮಾಡಿಕೊಳ್ಳಬಹುದು. ಹಳೆಯ ಉತ್ತರಪತ್ರಿಕೆಗಳನ್ನು ತೆಗೆದು, ಮತ್ತೆ ಮತ್ತೆ ಬರುವ ತಪ್ಪುಗಳನ್ನೇ ಆಯ್ಕೆಗಳಾಗಿ ಕೊಡಿ.

ಹೆಜ್ಜೆ 3: ಮೊದಲು ಊಹೆ, ಆಮೇಲೆ ಪ್ರಯೋಗ, ಕೊನೆಗೆ ಸೂತ್ರ

ಗಟ್ಟಿ ನಂಬಿಕೆ ಅಲುಗಬೇಕಾದರೆ ವಿದ್ಯಾರ್ಥಿ ಮೊದಲು ಊಹಿಸಿ ಬರೆಯಬೇಕು. ಬರೀ ಪ್ರಯೋಗ ತೋರಿಸಿದರೆ 'ಹೌದು, ನಂಗೂ ಗೊತ್ತಿತ್ತು' ಅಂತ ತಲೆಯಾಡಿಸಿ ಬಿಡುತ್ತಾರೆ. ಬಲ್ಬಿನ ವಿಷಯದಲ್ಲಿ ಹೀಗೆ ಮಾಡಿ: ಉತ್ತರ ಬರೆಸಿ, ಬಲ್ಬು ಹಚ್ಚಿ, ಎರಡನ್ನೂ ಅದಲುಬದಲು ಮಾಡಿ. ಆಮೇಲೆ ಅಮ್ಮೀಟರನ್ನು ಬಲ್ಬುಗಳ ಮುಂದೆ, ನಡುವೆ, ಹಿಂದೆ ಇಟ್ಟು ಓದಿಸಿ. ಮೂರೂ ಕಡೆ ಒಂದೇ ಅಂಕಿ. ಅಲ್ಲಿಗೆ ಮಾತು ಶುರುವಾಗುತ್ತದೆ: ಕರೆಂಟು ಖರ್ಚಾಗದಿದ್ದರೆ ಖರ್ಚಾಗುವುದು ಏನು?

ನನಗೆ ತುಂಬ ಇಷ್ಟವಾದದ್ದು ಸ್ಕೇಲಿನ ಪ್ರಯೋಗ. ಸಾಮಾನು ಕಡಿಮೆ, ಫಲ ಜಾಸ್ತಿ. 30 ಸೆಂ.ಮೀ. ಉದ್ದದ ಒಂದು ಪ್ಲಾಸ್ಟಿಕ್ ಸ್ಕೇಲು ತಗೊಳ್ಳಿ. 10 ಸೆಂ.ಮೀ. ಮೇಜಿನಿಂದ ಹೊರಗೆ ಇರಲಿ, ಉಳಿದ ಭಾಗವನ್ನು ಮೇಜಿಗೆ ಒತ್ತಿ ಹಿಡಿಯಿರಿ. ತುದಿಗೆ ಒಂದು ಚಿಕ್ಕ ತೂಕ ತೂಗುಹಾಕಿ. 3 ಮಿ.ಮೀ. ಬಾಗಿತು ಅಂತಿಟ್ಟುಕೊಳ್ಳಿ. ಈಗ ಕೇಳಿ: ಹೊರಗಿನ ಭಾಗ 20 ಸೆಂ.ಮೀ. ಮಾಡಿದರೆ ಎಷ್ಟು ಬಾಗುತ್ತದೆ? ಎಲ್ಲರೂ ಬರೆಯಲಿ. 'ಎರಡರಷ್ಟು, 6 ಮಿ.ಮೀ.' ಎನ್ನುವವರೇ ಜಾಸ್ತಿ. ಸ್ವಲ್ಪ ಹುಷಾರಾದವರು 12 ಅಂತಾರೆ. ಸ್ಕೇಲು ಮಾತ್ರ 24ರ ಹತ್ತಿರ ಬಾಗುತ್ತದೆ. ಉದ್ದ ಎರಡು ಪಟ್ಟು, ಬಾಗು ಎಂಟು ಪಟ್ಟು. ಬಾಗುವಿಕೆ ಉದ್ದದ ಘನಕ್ಕೆ ತಕ್ಕಂತೆ ಏರುತ್ತದೆ ಎಂಬ ಸಾಲನ್ನು ಇದಾದ ಮೇಲೆ ಬೋರ್ಡಿನ ಮೇಲೆ ಬರೆಯಿರಿ, ಮೊದಲಲ್ಲ.

ಅಷ್ಟಕ್ಕೇ ನಿಲ್ಲಿಸಬೇಡಿ. ಸ್ಕೇಲನ್ನು ಅಂಚಿನ ಮೇಲೆ ನಿಲ್ಲಿಸಿ ಬಾಗಿಸಲು ಹೇಳಿ. ಬಾಗುವುದೇ ಇಲ್ಲ, ಪಕ್ಕಕ್ಕೆ ತಿರುಚಿಕೊಳ್ಳುತ್ತದೆ ಅಷ್ಟೆ. ಅಗಲ 30 ಮಿ.ಮೀ., ದಪ್ಪ 3 ಮಿ.ಮೀ. ಇದ್ದರೆ ಅಂಚಿನ ಮೇಲೆ ನಿಂತ ಸ್ಕೇಲು ಮಲಗಿದ ಸ್ಕೇಲಿಗಿಂತ 100 ಪಟ್ಟು ಗಡಸು. ಅದೇ ಪ್ಲಾಸ್ಟಿಕ್ಕು, ಅಷ್ಟೇ ತೂಕ. ಬೀಮುಗಳನ್ನು ಯಾಕೆ ಎತ್ತರವಾಗಿ ಮಾಡುತ್ತಾರೆ ಎಂಬುದು ಇನ್ನು ಬಾಯಿಪಾಠದ ವಿಷಯ ಅಲ್ಲ.

ಈ ಒಂದು ಸ್ಕೇಲಿನಲ್ಲಿ ಎಷ್ಟು ಬಗೆಯವರು ಒಳಗೆ ಬಂದರು ನೋಡಿ. ಕೈಯಲ್ಲಿ ಹಿಡಿದು ತಿಳಿಯುವವರಿಗೆ ಸ್ಕೇಲಿದೆ. ಅಳತೆಗಳನ್ನು ಗ್ರಾಫ್ ಮಾಡಿದರೆ ಗ್ರಾಫ್ ಓದುವ ಅಭ್ಯಾಸ ಆಯ್ತು. ಗಣಿತದಲ್ಲಿ ಮುಂದಿರುವವರು 'ಘನವೇ ಯಾಕೆ?' ಅಂತ ಕೇಳುತ್ತಾರೆ. ಮುಂದಿನ ತರಗತಿಯಲ್ಲಿ ಅದನ್ನು ಹುಟ್ಟಿಸಿ ತೋರಿಸುವ ಕೆಲಸ ಅವರಿಗೇ ಕೊಡಿ. ಭಾಷೆಯ ತೊಡಕಿರುವವರು ಏನೂ ಮಾತಾಡದೆ ಊಹೆ ಬರೆದು ಪಾಠದಲ್ಲಿ ಸೇರಿಕೊಂಡಿದ್ದಾರೆ. ಗುಂಪು ಮಾಡಿ ಬೇರೆ ಬೇರೆ ಕಲಿಸಬೇಕಾಗಿ ಬರಲಿಲ್ಲ.

ಹೆಜ್ಜೆ 4: ಬಿಡಿಸಿದ ಲೆಕ್ಕವನ್ನು ಸ್ವಲ್ಪ ಸ್ವಲ್ಪವೇ ಅಳಿಸುತ್ತಾ ಹೋಗಿ

ಬೋರ್ಡಿನ ಮೇಲೆ ಒಂದು ಲೆಕ್ಕ ಮಾಡಿ ತೋರಿಸಿ, 'ಇನ್ನು ಹತ್ತು ನೀವೇ ಮಾಡಿ' ಎನ್ನುವುದು ನಮ್ಮೆಲ್ಲರ ರೂಢಿ. ನಡುವೆ ದೊಡ್ಡ ಕಂದಕ ಇದೆ. ಹಿಂದೆ ಬಿದ್ದವರು ಅದರಲ್ಲೇ ಬೀಳುತ್ತಾರೆ. ಜಾನ್ ಸ್ವೆಲ್ಲರ್ ಮತ್ತು ಗ್ರಹಾಂ ಕೂಪರ್ 1985ರಲ್ಲಿ ಬೀಜಗಣಿತದ ಮೇಲೆ ಮಾಡಿದ ಪ್ರಯೋಗಗಳಲ್ಲಿ, ಹೊಸಬರು ಬರೀ ಲೆಕ್ಕ ಮಾಡುವುದಕ್ಕಿಂತ ಬಿಡಿಸಿದ ಲೆಕ್ಕಗಳನ್ನು ಓದಿ ಮಾಡಿದಾಗ ಬೇಗ ಕಲಿತರು. ಹುಡುಕುವ ಕಷ್ಟದಲ್ಲೇ ತಲೆ ತುಂಬಿಹೋದರೆ ಕಲಿಯಲು ಜಾಗ ಉಳಿಯಲ್ಲ.

ಹೀಗೆ ಮಾಡಿ. ಒಂದು ಬೀಮು ತಗೊಳ್ಳಿ, 6 ಮೀಟರ್ ಉದ್ದ, ಎರಡು ತುದಿಗೂ ಆಧಾರ. ಎಡತುದಿಯಿಂದ 2 ಮೀಟರ್ ದೂರದಲ್ಲಿ 12 ಕಿಲೋನ್ಯೂಟನ್ ಭಾರ. ಮೊದಲ ಹಾಳೆಯಲ್ಲಿ ಇಡೀ ಲೆಕ್ಕ ಬಿಡಿಸಿ ಕೊಡಿ: ಫ್ರೀ ಬಾಡಿ ಡಯಾಗ್ರಾಂ (ಬೀಮಿನ ಮೇಲಿನ ಬಲಗಳನ್ನಷ್ಟೇ ಬಾಣಗಳಲ್ಲಿ ತೋರಿಸುವ ಚಿತ್ರ), ಎಡತುದಿಯ ಸುತ್ತ ಮೊಮೆಂಟ್ (ಬಲ ಮತ್ತು ದೂರದ ಗುಣಲಬ್ಧ) ತೆಗೆದು ಬಲಗಡೆಯ ಆಧಾರದ ಪ್ರತಿಬಲ 4 ಕಿಲೋನ್ಯೂಟನ್, ಮೇಲೆ ಕೆಳಗಿನ ಬಲ ಕೂಡಿಸಿ ಎಡದ್ದು 8, ಕೊನೆಗೆ ಬಲತುದಿಯ ಸುತ್ತ ಮೊಮೆಂಟ್ ತೆಗೆದು ತಾಳೆ. ಪ್ರತಿ ಸಾಲಿನ ಪಕ್ಕ 'ಇದನ್ನು ಯಾಕೆ ಮಾಡಿದೆವು' ಅಂತ ಒಂದು ವಾಕ್ಯ ವಿದ್ಯಾರ್ಥಿಯೇ ಬರೆಯಬೇಕು. ಎರಡನೆಯ ಹಾಳೆಯಲ್ಲಿ ಅಂಕಿ ಬದಲಿಸಿ, ಕೊನೆಯ ತಾಳೆ ಖಾಲಿ ಬಿಡಿ. ಮೂರನೆಯದರಲ್ಲಿ ಕೊನೆಯ ಎರಡು ಹಂತ ಖಾಲಿ. ನಾಲ್ಕನೆಯದರಲ್ಲಿ ಚಿತ್ರ ಮಾತ್ರ ಇರುತ್ತದೆ. ಐದನೆಯದರಲ್ಲಿ ಚಿತ್ರವನ್ನೂ ಅವರೇ ಬರೆಯಬೇಕು.

ಗೊತ್ತಿರುವವರಿಗೆ ಇದು ಬೇಸರ ತರಿಸುತ್ತದೆ. ಬರೀ ಬೇಸರ ಅಲ್ಲ, ಅಡ್ಡಿಯೂ ಆಗುತ್ತದೆ. ಹೊಸಬರಿಗೆ ನೆರವಾಗುವ ವಿವರಣೆ ಪಳಗಿದವರಿಗೆ ತೊಡಕಾಗುವುದನ್ನು ಸ್ಲಾವಾ ಕಲ್ಯುಗ ಮತ್ತು ಸಂಗಡಿಗರು 2003ರಲ್ಲಿ ವಿವರವಾಗಿ ಬರೆದಿದ್ದಾರೆ. ಅದಕ್ಕೇ ಹಾಳೆಗಳನ್ನೆಲ್ಲ ಮೇಜಿನ ಮೇಲೆ ಇಟ್ಟು, 'ಎಲ್ಲಿಂದ ಬೇಕಾದರೂ ಶುರು ಮಾಡಿ, ಸಿಕ್ಕಿಕೊಂಡರೆ ಹಿಂದಿನ ಹಾಳೆಗೆ ಹೋಗಿ' ಅಂತ ಹೇಳಿ. ಯಾರು ದಡ್ಡರು, ಯಾರು ಜಾಣರು ಅಂತ ಮೇಷ್ಟ್ರು ವಿಂಗಡಿಸುವ ಪ್ರಸಂಗ ಬರಲ್ಲ.

ಬೇಗ ಮುಗಿಸಿದವರಿಗೆ ಅದೇ ಥರದ ಇನ್ನೂ ಐದು ಲೆಕ್ಕ ಕೊಡುವುದು ಶಿಕ್ಷೆ. ಅದರ ಬದಲು ಲೆಕ್ಕವನ್ನು ಕೆಡಿಸಲು ಹೇಳಿ. 'ಬಲಗಡೆಯ ಆಧಾರವನ್ನು ಎಡತುದಿಯಿಂದ 1 ಮೀಟರ್ ದೂರಕ್ಕೆ ತನ್ನಿ, ಭಾರ ಇದ್ದಲ್ಲೇ ಇರಲಿ. ಏನಾಗುತ್ತದೆ?' ಬಲಗಡೆಯದ್ದು 24, ಎಡದ್ದು ಋಣ 12 ಬರುತ್ತದೆ. ಋಣ ಚಿಹ್ನೆ ನೋಡಿ ಕೆಲವರು ಲೆಕ್ಕ ತಪ್ಪಿತು ಅಂತ ಅಳಿಸುತ್ತಾರೆ. ತಪ್ಪಿಲ್ಲ. ಎಡತುದಿ ಮೇಲೇಳಲು ನೋಡುತ್ತಿದೆ, ಅದನ್ನು ಕೆಳಕ್ಕೆ ಹಿಡಿದಿಡಬೇಕು. ಬರೀ ಮೇಲೆ ಕೂರಿಸಿದ ಆಧಾರ ಅಲ್ಲಿ ಸಾಲದು. ತರಗತಿಯ ಮುಂದಿನವರನ್ನು ಹಿಡಿದು ಕೂರಿಸಲು ಇಂಥ ಒಂದು ಪ್ರಶ್ನೆ ಸಾಕು.

ಹೆಜ್ಜೆ 5: ಪ್ರಶ್ನೆ ಕೇಳಿ, ಸುಮ್ನಿರಿ

ಶಿಕ್ಷಕರು ಪ್ರಶ್ನೆ ಕೇಳಿದ ಮೇಲೆ ಎಷ್ಟು ಹೊತ್ತು ಕಾಯುತ್ತಾರೆ? ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ಅಳೆದು ನೋಡಿದಾಗ ಅದು ಸುಮಾರು 1 ಸೆಕೆಂಡು. 3 ಸೆಕೆಂಡಿಗೋ ಅದಕ್ಕಿಂತ ಜಾಸ್ತಿಗೋ ಎಳೆದಾಗ ಉತ್ತರಗಳು ಉದ್ದವಾದವು, ಅದುವರೆಗೆ ಬಾಯಿಬಿಡದವರೂ ಮಾತಾಡಿದರು. ಪ್ರಶ್ನೆಯನ್ನು ಮನಸ್ಸಿನಲ್ಲಿ ತಮ್ಮ ಭಾಷೆಗೆ ತಂದುಕೊಂಡು, ಉತ್ತರವನ್ನು ಮತ್ತೆ ಪಾಠದ ಭಾಷೆಗೆ ತರುವವರಿಗೆ ಆ ಮೂರು ಸೆಕೆಂಡೂ ಕಡಿಮೆಯೇ. ನಾನು ಮನಸ್ಸಿನಲ್ಲೇ ಹತ್ತರವರೆಗೆ ಎಣಿಸುತ್ತೇನೆ. ಮೊದಮೊದಲು ಆ ಮೌನ ತಡೆಯೋಕಾಗಲ್ಲ.

ಕೈಯೆತ್ತಿದವರನ್ನೇ ಕೇಳುತ್ತಾ ಹೋದರೆ ನಾಲ್ಕೇ ಜನಕ್ಕೆ ಪಾಠ ಮಾಡಿದಂತೆ. ಎಲ್ಲರ ಕೈಗೂ ಎ, ಬಿ, ಸಿ, ಡಿ ಬರೆದ ಕಾಗದದ ಚೀಟಿ ಕೊಡಿ. ಭೌತಶಾಸ್ತ್ರದ ಮೇಷ್ಟ್ರು ಎರಿಕ್ ಮಜೂರ್ ಹಾರ್ವರ್ಡ್‌ನಲ್ಲಿ 1991ರಲ್ಲಿ ಶುರುಮಾಡಿದ ವಿಧಾನ ಇಲ್ಲಿ ಚೆನ್ನಾಗಿ ಹೊಂದುತ್ತದೆ. ಒಂದು ಪರಿಕಲ್ಪನೆಯ ಪ್ರಶ್ನೆ ಕೇಳಿ, ಎಲ್ಲರೂ ಒಬ್ಬೊಬ್ಬರೇ ಯೋಚಿಸಿ ಚೀಟಿ ಎತ್ತಲಿ. ಸರಿ ಉತ್ತರ ಶೇ. 30ಕ್ಕಿಂತ ಕಡಿಮೆ ಇದ್ದರೆ ನೀವೇ ಮತ್ತೆ ವಿವರಿಸಬೇಕು. ಶೇ. 70 ದಾಟಿದ್ದರೆ ಚುಟುಕಾಗಿ ಹೇಳಿ ಮುಂದೆ ಹೋಗಿ. ನಡುವೆ ಇದ್ದರೆ ಪಕ್ಕದವರ ಜೊತೆ ವಾದ ಮಾಡಲು ಎರಡು ನಿಮಿಷ ಬಿಡಿ, ಮತ್ತೆ ಚೀಟಿ ಎತ್ತಿಸಿ. ಆ ಎರಡು ನಿಮಿಷ ಯಾವ ಭಾಷೆಯಲ್ಲಾದರೂ ಮಾತಾಡಲಿ. ಅರ್ಥ ಆಗುವುದು ಮೊದಲು, ಪಾಠದ ಭಾಷೆಯಲ್ಲಿ ಬರೆಯುವುದು ಆಮೇಲೆ.

ಇದಕ್ಕೆಲ್ಲ ಸಮಯ ಎಲ್ಲಿದೆ, ಸಿಲಬಸ್ ಮುಗಿಯಬೇಡ್ವಾ ಅಂತ ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. 2014ರಲ್ಲಿ ಸ್ಕಾಟ್ ಫ್ರೀಮನ್ ಮತ್ತು ಸಂಗಡಿಗರು ವಿಜ್ಞಾನ, ಇಂಜಿನಿಯರಿಂಗ್, ಗಣಿತದ 225 ಅಧ್ಯಯನಗಳನ್ನು ಒಟ್ಟುಗೂಡಿಸಿದರು. ಬರೀ ಉಪನ್ಯಾಸದ ತರಗತಿಗಳಲ್ಲಿ ಸರಾಸರಿ ಶೇ. 33.8 ಜನ ಫೇಲಾಗಿದ್ದರೆ, ವಿದ್ಯಾರ್ಥಿಗಳು ತಾವೇ ಏನಾದರೂ ಮಾಡುವ ತರಗತಿಗಳಲ್ಲಿ ಅದು ಶೇ. 21.8. ಹಿಂದುಳಿದ ಹಿನ್ನೆಲೆಯವರಿಗೂ ಉಳಿದವರಿಗೂ ಇರುವ ಅಂತರ ಇಂಥ ತರಗತಿಗಳಲ್ಲಿ ಕುಗ್ಗುವುದನ್ನು 2020ರ ಇನ್ನೊಂದು ದೊಡ್ಡ ವಿಶ್ಲೇಷಣೆ ತೋರಿಸಿತು. ಅದೂ ತರಗತಿಯ ಹೆಚ್ಚಿನ ಸಮಯ ಇದಕ್ಕೇ ಹೋದಾಗ. ನಾನು ಪಾಠದಿಂದ ಕೈಬಿಡುವುದು ಪುಸ್ತಕದಲ್ಲಿ ಓದಿದರೆ ಸಿಗುವ ವ್ಯಾಖ್ಯೆಗಳನ್ನು, ಉದ್ದುದ್ದ ಪಟ್ಟಿಗಳನ್ನು.

ಹೆಜ್ಜೆ 6: ಕಣ್ಣು, ಕಿವಿ, ಕೈ

ಇದಕ್ಕೆ ಯಾರಾದರೂ ಬಂದು ಕೇಳುವವರೆಗೂ ಕಾಯಬೇಡಿ. ತುಂಬ ಜನ ಕೇಳುವುದೇ ಇಲ್ಲ. ಎಷ್ಟೋ ಜನಕ್ಕೆ ತಮಗೆ ಬಣ್ಣ ಸರಿಯಾಗಿ ಕಾಣಲ್ಲ ಎಂಬುದೇ ಗೊತ್ತಿರಲ್ಲ. ಯುರೋಪ್ ಮೂಲದ ಗಂಡಸರಲ್ಲಿ ಸುಮಾರು ಶೇ. 8 ಜನಕ್ಕೆ ಕೆಂಪು ಹಸಿರಿನ ಗೊಂದಲ ಇರುತ್ತದೆ. ಬೇರೆ ಕಡೆಗಳಲ್ಲಿ ಇದಕ್ಕಿಂತ ಸ್ವಲ್ಪ ಕಡಿಮೆ, ಹೆಂಗಸರಲ್ಲಿ ತೀರಾ ಕಡಿಮೆ. ಗಂಡುಮಕ್ಕಳೇ ಜಾಸ್ತಿ ಇರುವ ಎಲೆಕ್ಟ್ರಾನಿಕ್ಸ್ ಲ್ಯಾಬಿನಲ್ಲಿ ಒಬ್ಬಿಬ್ಬರಾದರೂ ಇರುತ್ತಾರೆ ಅಂತಲೇ ಇಟ್ಟುಕೊಳ್ಳಿ.

ರೆಸಿಸ್ಟರ್ ನೋಡಿ. ಕರೆಂಟಿಗೆ ತಡೆಯೊಡ್ಡುವ ಈ ಬಿಡಿಭಾಗದ ಬೆಲೆಯನ್ನು ಬಣ್ಣದ ಪಟ್ಟಿಗಳಲ್ಲಿ ಗುರುತಿಸಿರುತ್ತಾರೆ. ಕಂದು, ಕಪ್ಪು, ಕೆಂಪು ಪಟ್ಟಿ ಅಂದರೆ 1,000 ಓಮ್. ಮೂರನೆಯ ಪಟ್ಟಿ ಕೆಂಪೋ ಕಂದೋ ತಿಳಿಯದೆ ಕಂದು ಅಂತ ಓದಿದರೆ 100 ಓಮ್. ಹತ್ತು ಪಟ್ಟು ವ್ಯತ್ಯಾಸ. ಸರ್ಕ್ಯೂಟ್ ಕೆಲಸ ಮಾಡಲ್ಲ, ಹುಡುಗನಿಗೆ ತನಗೆ ಲ್ಯಾಬ್ ಆಗಿಬರಲ್ಲ ಅನ್ನಿಸುತ್ತದೆ. 'ಜೋಡಿಸುವ ಮೊದಲು ಮಲ್ಟಿಮೀಟರ್‌ನಲ್ಲಿ ಅಳೆಯಿರಿ' ಎಂಬುದನ್ನು ಎಲ್ಲರಿಗೂ ನಿಯಮ ಮಾಡಿ. ಬಣ್ಣ ಕಾಣುವವರಿಗೂ ಅದು ಒಳ್ಳೆಯ ಅಭ್ಯಾಸವೇ. ಗ್ರಾಫಿನಲ್ಲಿ ಗೆರೆಗಳನ್ನು ಬಣ್ಣದಿಂದ ಮಾತ್ರ ಬೇರೆ ಮಾಡಬೇಡಿ. ಒಂದು ತುಂಡುಗೆರೆ, ಒಂದು ಚುಕ್ಕೆಗೆರೆ ಇರಲಿ, ಗೆರೆಯ ಪಕ್ಕದಲ್ಲೇ ಹೆಸರು ಬರೆಯಿರಿ. ಸ್ಲೈಡಿನಲ್ಲಿ ತಿಳಿ ಬೂದು ಅಕ್ಷರ ಬೇಡವೇ ಬೇಡ. ವೆಬ್ ಪುಟಗಳ ಸೌಲಭ್ಯಕ್ಕೆ ಇರುವ ಮಾನದಂಡದಲ್ಲಿ ಮಾಮೂಲಿ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ಕಾಂಟ್ರಾಸ್ಟ್ (ಹೊಳಪಿನ ಅಂತರ) ಇರಬೇಕು ಎಂದಿದೆ. ಸ್ಲೈಡಿಗೂ ಅದನ್ನೇ ಇಟ್ಟುಕೊಳ್ಳಿ.

ಬೋರ್ಡಿಗೆ ಮುಖ ಮಾಡಿ ಮಾತಾಡುವುದು ನಮ್ಮ ಕಸುಬಿನ ದೊಡ್ಡ ಚಟ. ತುಟಿ ನೋಡಿ ಅರ್ಥ ಮಾಡಿಕೊಳ್ಳುವವರಿಗೆ ಆಗ ಪಾಠವೇ ನಿಂತುಹೋಗುತ್ತದೆ. ಬರೆಯಿರಿ, ತಿರುಗಿ, ಆಮೇಲೆ ಮಾತಾಡಿ. 'ಇದನ್ನು ಇಲ್ಲಿಗೆ ತಂದು ಅದರಿಂದ ಭಾಗಿಸಿದರೆ' ಎಂಬ ಮಾತು ಬೋರ್ಡ್ ಕಾಣದವರಿಗೆ ಏನೂ ಹೇಳಲ್ಲ. 'ಬಲವನ್ನು ವಿಸ್ತೀರ್ಣದಿಂದ ಭಾಗಿಸಿದರೆ' ಅಂತ ಬಾಯಿಬಿಟ್ಟು ಹೇಳಿ. ಕಣ್ಣು ಕಾಣದ ವಿದ್ಯಾರ್ಥಿಗೆ ಚಿತ್ರದ ಗೆರೆಗಳ ಮೇಲೆ ಅಂಟು ಹಚ್ಚಿ ದಾರ ಕೂರಿಸಿದರೂ ಬೆರಳಿಗೆ ಸಿಗುವ ಚಿತ್ರ ಆಗುತ್ತದೆ. ಏನು ಬೇಕು ಅಂತ ಅವರನ್ನೇ ಕೇಳಿ, ತರಗತಿಯ ಮುಂದೆ ಅಲ್ಲ, ಒಬ್ಬರೇ ಇರುವಾಗ. ಅವರಿಗೆ ತಮ್ಮ ಉಪಾಯಗಳು ನಮಗಿಂತ ಚೆನ್ನಾಗಿ ಗೊತ್ತಿರುತ್ತವೆ.

ಹೆಜ್ಜೆ 7: ಮೂರು ಆಯಾಮ ಕಾಣದವರಿಗೆ ಅಭ್ಯಾಸ ಕೊಡಿ

ಡ್ರಾಯಿಂಗ್ ತರಗತಿಯಲ್ಲಿ ಕೆಲವರಿಗೆ ವಸ್ತು ಮನಸ್ಸಿನಲ್ಲಿ ತಿರುಗುತ್ತದೆ, ಕೆಲವರಿಗೆ ತಿರುಗಲ್ಲ. ಇದು ಹುಟ್ಟಿನಿಂದ ಬರುವ ವರ ಅಂತ ತುಂಬ ಮೇಷ್ಟ್ರುಗಳೇ ನಂಬಿದ್ದಾರೆ. ಶೆರಿಲ್ ಸಾರ್ಬಿ ಅಮೆರಿಕದ ಮಿಷಿಗನ್ ಟೆಕ್ ವಿಶ್ವವಿದ್ಯಾಲಯದಲ್ಲಿ 1993ರಿಂದ ಇದಕ್ಕೆಂದೇ ಒಂದು ಕೋರ್ಸ್ ನಡೆಸಿ, ಅಭ್ಯಾಸದಿಂದ ಇದು ಬರುತ್ತದೆ ಅಂತ ತೋರಿಸಿದರು. ಈ ಪರೀಕ್ಷೆಗಳಲ್ಲಿ ಸರಾಸರಿ ಕಡಿಮೆ ಅಂಕ ಬರುತ್ತಿದ್ದ ಹುಡುಗಿಯರಿಗೆ ಇದರಿಂದ ತುಂಬ ಅನುಕೂಲ ಆಯಿತು.

ಕಂಪ್ಯೂಟರ್ ಪರದೆಗೆ ಓಡಬೇಡಿ. ಕೈಯಲ್ಲಿ ಗೀಚುವುದೇ ಇಲ್ಲಿ ಕೆಲಸ ಮಾಡುವುದು. ಸೋಪಿನ ತುಂಡನ್ನು ಚಾಕುವಿನಿಂದ ಕೊಯ್ದು ಮೆಟ್ಟಿಲಾಕಾರ ಮಾಡಿ, ಮೇಲಿಂದ, ಮುಂದಿಂದ, ಪಕ್ಕದಿಂದ ನೋಡಿ ಗೀಚಿಸಿ. ಆಮೇಲೆ ಸೋಪನ್ನು ತಿರುಗಿಸುವ ಮೊದಲೇ ಹೇಗೆ ಕಾಣುತ್ತದೆ ಅಂತ ಗೀಚಿಸಿ. ದಿನಾ ಹತ್ತು ನಿಮಿಷ ಸಾಕು.

ಹೆಜ್ಜೆ 8: ಗುಂಪಿನಲ್ಲಿ ಯಾರು ಏನು ಮಾಡುತ್ತಿದ್ದಾರೆ ನೋಡಿ

ಲ್ಯಾಬಿನಲ್ಲಿ ಒಮ್ಮೆ ಸುಮ್ನೆ ಓಡಾಡಿ. ಒಬ್ಬನ ಕೈ ಸದಾ ಆಸಿಲೋಸ್ಕೋಪಿನ ಗುಬುಟಿನ ಮೇಲೆ, ಇನ್ನೊಬ್ಬಳು ಸದಾ ಪುಸ್ತಕದಲ್ಲಿ ಬರೆಯುತ್ತಾ, ಮೂರನೆಯವನು ಕಿಟಕಿ ಕಡೆ. ಬರೆಯುವವಳ ಅಕ್ಷರ ಚೆಂದ ಅಂತ ಎಲ್ಲರೂ ಹೊಗಳುತ್ತಾರೆ. ಅವಳಿಗೆ ಉಪಕರಣ ಮುಟ್ಟಿದ ಅನುಭವ ಮಾತ್ರ ಬರಲ್ಲ. ಪರಿಹಾರ ಸುಲಭ: ಜೋಡಿಸುವವರು, ಅಳೆಯುವವರು, ಬರೆಯುವವರು ಅಂತ ಕೆಲಸ ಹಂಚಿ, ಪ್ರತಿ ಪ್ರಯೋಗಕ್ಕೂ ಬದಲಿಸಿ. ಗುಂಪು ಮೂರೋ ನಾಲ್ಕೋ ಜನರದ್ದಿರಲಿ, ನೀವೇ ಮಾಡಿ. ಅವರಿಗೇ ಬಿಟ್ಟರೆ ಗೆಳೆಯರು ಗೆಳೆಯರು ಸೇರಿಕೊಂಡು, ಹೊಸಬರು ಕೊನೆಯಲ್ಲಿ ಉಳಿಯುತ್ತಾರೆ. ಅಂಕ ಕೊಡುವ ಮೊದಲು ಯಾರಾದರೂ ಒಬ್ಬರನ್ನು, ಯಾರು ಅಂತ ಮೊದಲೇ ಹೇಳದೆ, ಒಂದು ಪ್ರಶ್ನೆ ಕೇಳಿ.

ಹೆಜ್ಜೆ 9: ಪ್ರಶ್ನೆಪತ್ರಿಕೆ ಏನನ್ನು ಅಳೆಯುತ್ತಿದೆ?

ಥರ್ಮೋಡೈನಾಮಿಕ್ಸ್ ಪರೀಕ್ಷೆ ಓದುವ ವೇಗವನ್ನು ಅಳೆಯಬಾರದು. 'ಕೆಳಗಿನವುಗಳಲ್ಲಿ ಯಾವುದು ಸರಿಯಲ್ಲದ್ದಲ್ಲ?' ಎಂಬಂಥ ಪ್ರಶ್ನೆ ಯಾರ ಇಂಜಿನಿಯರಿಂಗ್ ಜ್ಞಾನವನ್ನು ಅಳೆಯುತ್ತದೆ ಹೇಳಿ? ಒಂದು ವಾಕ್ಯಕ್ಕೆ ಒಂದು ಮಾಹಿತಿ ಇರಲಿ. ಕೊಟ್ಟಿರುವ ಅಂಕಿಗಳು ಒಂದು ಕಡೆ, ಕೇಳಿರುವುದು ಪ್ರತ್ಯೇಕ ಸಾಲಿನಲ್ಲಿ. ಚಿತ್ರದಿಂದ ಹೇಳಬಹುದಾದ್ದನ್ನು ಪ್ಯಾರಾದಲ್ಲಿ ಹೇಳಬೇಡಿ.

ಪತ್ರಿಕೆ ಮುಗಿದ ಮೇಲೆ ನೀವೇ ಕೂತು ಬರೆದು ನೋಡಿ. ವಿದ್ಯಾರ್ಥಿಗಳಿಗೆ ಕೊಟ್ಟ ಸಮಯದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ನಿಮಗೇ ಹಿಡಿದರೆ ಪತ್ರಿಕೆ ಉದ್ದವಾಯಿತು ಅಂತ ಅರ್ಥ. ಒಂದು ಪ್ರಶ್ನೆ ತೆಗೆದುಬಿಡಿ. ನಿಧಾನವಾಗಿ ಓದುವವರಿಗೆ, ಕೈ ನಡುಗುವವರಿಗೆ ಪ್ರತ್ಯೇಕ ಸಮಯ ಕೊಡಬೇಕಾಗಿ ಬರುವ ಸಂದರ್ಭ ಇದರಿಂದ ಕಡಿಮೆಯಾಗುತ್ತದೆ. ಹಾಗಂತ ಅದು ಪೂರ್ತಿ ಇಲ್ಲದಾಗುವುದಿಲ್ಲ, ನಿಯಮದ ಪ್ರಕಾರ ಅವರಿಗೆ ಸಲ್ಲಬೇಕಾದ ಹೆಚ್ಚುವರಿ ಸಮಯ ಕೊಡಲೇಬೇಕು. ಮೊದಲ ಪರೀಕ್ಷೆಗೆ ತೂಕ ಕಡಿಮೆ ಇಡಿ. ಪರೀಕ್ಷೆಯ ರೀತಿಯೇ ಹೊಸದಾಗಿರುವವರು ಅದರಲ್ಲಿ ಎಡವಿದರೆ ಇಡೀ ಸೆಮಿಸ್ಟರ್ ಮುಳುಗಬಾರದು.

ಉತ್ತರಪತ್ರಿಕೆ ಹಿಂತಿರುಗಿಸಿದ ಮೇಲೆ ಒಂದು ವಾರ ಕೊಟ್ಟು ತಿದ್ದಿಸಿ. ಸರಿಯಾದ ಲೆಕ್ಕ ಬರೆದರೆ ಸಾಲದು, 'ಯಾವ ಸಾಲಿನಲ್ಲಿ, ಯಾಕೆ ದಾರಿ ತಪ್ಪಿತು' ಅಂತ ಎರಡು ವಾಕ್ಯ ಬರೆಯಬೇಕು. ಹಾಗೆ ಬರೆದವರಿಗೆ ಕಳೆದುಕೊಂಡ ಅಂಕದಲ್ಲಿ ಅರ್ಧ ವಾಪಸ್. 'ಸಿಲ್ಲಿ ಮಿಸ್ಟೇಕ್' ಅಂತ ಬರೆದರೆ ಒಪ್ಪಬೇಡಿ. ಯುನಿಟ್ ತಪ್ಪಿತೋ, ಚಿಹ್ನೆ ತಪ್ಪಿತೋ, ಪ್ರಶ್ನೆಯೇ ಅರ್ಥವಾಗಲಿಲ್ಲವೋ, ಅದನ್ನು ಬರೆಯಲಿ. ಮುಂದಿನ ವರ್ಷದ ಪಾಠಕ್ಕೆ ನಿಮಗೆ ಬೇಕಾದ ಸಾಮಗ್ರಿಯೆಲ್ಲ ಈ ಎರಡೆರಡು ವಾಕ್ಯಗಳಲ್ಲಿ ಸಿಗುತ್ತದೆ.

ಹೆಜ್ಜೆ 10: ತರಗತಿ ದೊಡ್ಡದಿದ್ದರೆ

ನೂರಿಪ್ಪತ್ತು ಜನರ ತರಗತಿಯಲ್ಲಿ ಇಷ್ಟೆಲ್ಲ ಮಾಡೋಕಾಗಲ್ಲ. ಆಗ ಮೊದಲು ಕೈಬಿಡಬೇಕಾದ್ದು ಹೆಜ್ಜೆ 9ರ ತಿದ್ದುವ ಕೆಲಸ, ಅಥವಾ ಅದನ್ನು ಒಂದೇ ಪ್ರಶ್ನೆಗೆ ಇಳಿಸಿ. ಐದು ಹಾಳೆಯ ಲೆಕ್ಕವನ್ನು ಮೂರಕ್ಕೆ ಇಳಿಸಬಹುದು. ಚೀಟಿ ಎತ್ತಿಸುವುದನ್ನು ಬಿಡಬೇಡಿ. ಹತ್ತು ಜನಕ್ಕಾದರೂ ನೂರು ಜನಕ್ಕಾದರೂ ಅದಕ್ಕೆ ಹಿಡಿಯುವ ಹೊತ್ತು ಹೆಚ್ಚುಕಡಿಮೆ ಒಂದೇ.

ತರಗತಿ ಮುಗಿಯುವ ಎರಡು ನಿಮಿಷ ಮೊದಲು ಒಂದು ಕಾಗದದ ಚೂರಿನಲ್ಲಿ 'ಇವತ್ತು ಯಾವುದು ಮಸುಕಾಯಿತು?' ಎಂಬುದಕ್ಕೆ ಹೆಸರಿಲ್ಲದೆ ಉತ್ತರ ಬರೆಸಿ. ಸಂಖ್ಯಾಶಾಸ್ತ್ರಜ್ಞ ಫ್ರೆಡರಿಕ್ ಮೋಸ್ಟೆಲ್ಲರ್ 1989ರಲ್ಲಿ ಈ ಪದ್ಧತಿಯ ಬಗ್ಗೆ ಬರೆದಿದ್ದರು. ನೂರಿಪ್ಪತ್ತು ಚೀಟಿಯನ್ನೂ ಓದಬೇಕಾಗಿಲ್ಲ. ಇಪ್ಪತ್ತು ಎಳೆದು ಓದಿದರೆ ಎರಡು ಮೂರು ಮಾತು ಮತ್ತೆ ಮತ್ತೆ ಬರುತ್ತವೆ. ಮುಂದಿನ ತರಗತಿಯ ಮೊದಲ ಐದು ನಿಮಿಷ ಅದಕ್ಕೇ ಮೀಸಲಿಡಿ, 'ನೀವು ಬರೆದಿದ್ದಿರಿ, ಅದಕ್ಕೇ ಇದನ್ನು ಮತ್ತೆ ತಗೊಂಡಿದ್ದೇನೆ' ಅಂತ ಹೇಳಿಯೇ ಶುರುಮಾಡಿ. ಹೀಗೆ ಹೇಳದಿದ್ದರೆ ಮೂರನೇ ವಾರದ ಹೊತ್ತಿಗೆ ಖಾಲಿ ಚೀಟಿ ಬರಲು ಶುರುವಾಗುತ್ತವೆ.